ರೋಜೆಯೂ ಪರೀಕ್ಷೆಯೂ: ಊರಿನ ಹೊಣೆ ಯಾವದು?

ಚಂದ್ರನು ಸರಕಾರದ ವೇಳಾಪತ್ರಿಕೆಯನ್ನು ನೋಡಿ ಉದಿಸುವದಿಲ್ಲ. ಸರಕಾರವೂ ಚಂದ್ರನನ್ನು ನೋಡಿ ಪರೀಕ್ಷೆಯ ದಿನಗಳನ್ನು ಗೊತ್ತುಪಡಿಸುವದಿಲ್ಲ. ಇವೆರಡರ ನಡುವೆ ಸಿಕ್ಕಿಕೊಂಡವನು ಹದಿನೇಳು ಹದಿನೆಂಟು ವರ್ಷದ ವಿದ್ಯಾರ್ಥಿಯು. 2025ನೆಯ ಇಸವಿಯಲ್ಲಿ ದ್ವಿತೀಯ ಪಿ.ಯು.ಸಿ. ಪರೀಕ್ಷೆಯು ಮಾರ್ಚ್ 1ಕ್ಕೆ ಆರಂಭವಾಯಿತು. ಮರುದಿನವೇ ರಮಜಾನದ ಮೊದಲನೆಯ ರೋಜೆ. ಪರೀಕ್ಷೆಯು ಮಾರ್ಚ್ 20ಕ್ಕೆ ಮುಗಿಯಿತು. ಈದ್ ಬಂದದ್ದು 31ಕ್ಕೆ. ಅಂದರೆ ಮೊದಲ ದಿನದ ಪತ್ರಿಕೆಯೊಂದನ್ನು ಬಿಟ್ಟರೆ ಮಿಕ್ಕ ಪರೀಕ್ಷೆಯನ್ನೆಲ್ಲ ರೋಜೆ ಹಿಡಿದ ವಿದ್ಯಾರ್ಥಿಗಳು ಉಪವಾಸದಲ್ಲಿಯೇ ಬರೆದರು. ಈದ್ ಕಳೆದ ಹದಿನಾರನೆಯ ದಿನಕ್ಕೆ, ಅಂದರೆ ಏಪ್ರಿಲ್ 16ಕ್ಕೆ, ಸಿ.ಇ.ಟಿ.; ಮೇ 4ಕ್ಕೆ ನೀಟ್. ಅದರ ಹಿಂದಿನ 2024ರಲ್ಲಿ ಇಕ್ಕಟ್ಟು ಇನ್ನೂ ಹೆಚ್ಚಿನದಾಗಿತ್ತು. ಆ ವರ್ಷ ಈದ್ ಏಪ್ರಿಲ್ 11ಕ್ಕೆ, ಸಿ.ಇ.ಟಿ. ಏಪ್ರಿಲ್ 18ಕ್ಕೆ, ನಡುವೆ ಉಳಿದದ್ದು ಒಂದು ವಾರ ಮಾತ್ರ.

ಇದು ಒಂದೆರಡು ವರ್ಷಗಳ ಆಕಸ್ಮಿಕ ಪ್ರಸಂಗವೆಂದು ಯಾರೂ ತಿಳಿಯಬಾರದು. ಚಾಂದ್ರಮಾನದ ವರ್ಷವು ಸೌರಮಾನದ ವರ್ಷಕ್ಕಿಂತ ಹತ್ತು ಹನ್ನೊಂದು ದಿನಗಳಷ್ಟು ಚಿಕ್ಕದು. ನಮ್ಮ ಪಂಚಾಂಗದವರು ಅಧಿಕಮಾಸವನ್ನಿಟ್ಟು ಈ ಅಂತರವನ್ನು ತುಂಬಿಕೊಳ್ಳುತ್ತಾರೆ; ಹಿಜರಿ ಗಣನೆಯಲ್ಲಿ ಅಧಿಕಮಾಸಕ್ಕೆ ಆಸ್ಪದವಿಲ್ಲ. ಆದಕಾರಣ ರಮಜಾನವು ವರ್ಷವರ್ಷಕ್ಕೂ ಹಿಂದೆ ಸರಿಯುತ್ತ ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿಬರುವದು. 2017, 2018, 2019 ಈ ಮೂರು ವರ್ಷ ಕೇಂದ್ರ ಲೋಕಸೇವಾ ಆಯೋಗದ ಪೂರ್ವಭಾವಿ ಪರೀಕ್ಷೆಯು ಜೂನ್ ತಿಂಗಳಲ್ಲಿ ರಮಜಾನದೊಳಗೇ ಬಂದಿತ್ತು. ಅಂದು ಐ.ಎ.ಎಸ್. ಆಗಬಯಸಿದ ತರುಣರಿಗೆ ಎದುರಾದ ಪ್ರಶ್ನೆಯೇ ಈಗ ಕೆಲವು ವರ್ಷಗಳಿಂದ ಪಿ.ಯು.ಸಿ. ಓದುವ ಮಕ್ಕಳ ಬಾಗಿಲಿಗೆ ಬಂದು ನಿಂತಿದೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಈ ನಾಲ್ಕೂ ಊರುಗಳಲ್ಲಿ ಮುಸಲ್ಮಾನ ಕುಟುಂಬಗಳು ಬಹುಕಾಲದಿಂದ ನೆಲೆಸಿರುವದರಿಂದ ಈ ಪ್ರಶ್ನೆಯು ನಮ್ಮ ವಾಚಕರಿಗೆ ದೂರದ್ದಲ್ಲ.

ಈ ಕುರಿತು ಎರಡು ಬಗೆಯ ಮಾತುಗಳು ಕಿವಿಗೆ ಬೀಳುತ್ತವೆ. "ಒಂದು ವರ್ಷ ರೋಜೆ ಬಿಟ್ಟರೆ ಏನಾದೀತು? ಡಾಕ್ಟರನಾದ ಮೇಲೆ ಬೇಕಾದಷ್ಟು ಹಿಡಿಯಬಹುದು" ಎಂದು ಕೆಲವರು ಅನ್ನುತ್ತಾರೆ. "ನಸೀಬದಲ್ಲಿದ್ದರೆ ಸೀಟು ಸಿಕ್ಕೀತು; ಓದಿನ ಚಿಂತೆ ಈಗ ಯಾಕೆ?" ಎಂದು ಬೇರೆ ಕೆಲವರು. ಮೊದಲನೆಯವರು ಆ ಬಾಲಕನ ಶ್ರದ್ಧೆಯ ಬೆಲೆಯನ್ನು ಅರಿಯರು. ಎರಡನೆಯವರು ಅವನ ದುಡಿಮೆಯ ಬೆಲೆಯನ್ನು ಅರಿಯರು. ರೋಜೆಯನ್ನು ಹಿಡಿಯುವದು ಬಿಡುವದು ವಿದ್ಯಾರ್ಥಿಗೂ ಅವನ ದೇವರಿಗೂ ಸಂಬಂಧಿಸಿದ ವಿಷಯವು. ಅದರಲ್ಲಿ ಪತ್ರಿಕೆಗಾಗಲಿ ನೆರೆಯವರಿಗಾಗಲಿ ಹೇಳತಕ್ಕದ್ದೇನೂ ಇಲ್ಲ. ಆದರೆ ಆ ತಿಂಗಳಲ್ಲಿ ಅವನಿಗೆ ಸಾಕಷ್ಟು ನಿದ್ರೆ, ಓದಲು ನಿಶ್ಶಬ್ದವಾದ ಒಂದು ಮೂಲೆ, ಅನುಕೂಲವಾದ ವೇಳೆ ದೊರೆಯುವವೋ ಇಲ್ಲವೋ ಎಂಬುದು ಮನೆಯವರ, ಜಮಾತಿನವರ, ಕಾಲೇಜಿನವರ ಹಾಗೂ ಸರಕಾರದ ವಿಷಯವು. ಈ ಎರಡನೆಯ ಮಾತನ್ನು ನಾವೆಲ್ಲರೂ ಮರೆತು ಮೊದಲನೆಯದನ್ನೇ ಚರ್ಚಿಸುತ್ತ ಕುಳಿತಿರುವದು ನಮ್ಮ ಅಭಿಪ್ರಾಯದಲ್ಲಿ ದೊಡ್ಡ ತಪ್ಪು.

ಮೊದಲು ವಸ್ತುಸ್ಥಿತಿಯನ್ನು ನೋಡೋಣ. ಮಾರ್ಚ್ ತಿಂಗಳಲ್ಲಿ ಗದಗ ಸೀಮೆಯಲ್ಲಿ ನಸುಕಿನ ಐದೂಕಾಲು ಐದೂವರೆಯ ಸುಮಾರಿಗೆ ಸಹರಿಯ ವೇಳೆಯು ಮುಗಿಯುವದು. ಸೂರ್ಯಾಸ್ತವಾಗುವದು ಸಂಜೆಯ ಆರೂವರೆಯ ಮೇಲೆ. ಹದಿಮೂರು ತಾಸುಗಳಿಗಿಂತ ತುಸು ಹೆಚ್ಚಿನ ಕಾಲ ಅನ್ನವೂ ಇಲ್ಲ, ನೀರೂ ಇಲ್ಲ. ಬಿಸಿಲು ಆಗಲೇ ಏರತೊಡಗಿರುತ್ತದೆ. ಆದರೂ ಚಿಕ್ಕಂದಿನಿಂದ ರೂಢಿಯಾದವರಿಗೆ ಹಸಿವೆಯೇ ದೊಡ್ಡ ಶತ್ರುವೆಂದು ನಾವು ಎಣಿಸುವದಿಲ್ಲ. ಇರುಳಿನ ಲೆಕ್ಕವನ್ನು ಹಿಡಿಯಿರಿ. ಇಫ್ತಾರ, ಮಗ್ರಿಬದ ನಮಾಜು, ಊಟ. ಎಂಟರ ಸುಮಾರಿಗೆ ಇಶಾ, ಅದರ ಬೆನ್ನಿಗೆ ತರಾವೀಹ. ಮನೆಗೆ ಮರಳುವಷ್ಟರಲ್ಲಿ ಒಂಬತ್ತೂವರೆ ಹತ್ತು. ಆಮೇಲೆ ಪುಸ್ತಕ ತೆರೆದು ಹನ್ನೊಂದೂವರೆಯ ವರೆಗೆ ಓದಿದನೆನ್ನಿರಿ. ಸಹರಿಗಾಗಿ ನಾಲ್ಕೂಕಾಲಿಗೆ ಎದ್ದನೆನ್ನಿರಿ. ನಿದ್ರೆಯು ಐದು ತಾಸೂ ಆಗಲಿಲ್ಲ. ಹೀಗೆ ಮೂವತ್ತು ಇರುಳು ಕಳೆದರೆ ಉಪವಾಸವಿಲ್ಲದವನ ತಲೆಯೂ ಮಂಕಾಗದೆ ಇರದು. ಪ್ರತಿನಿತ್ಯ ನಾಲ್ಕಾರು ಸಲ ಚಹಾ ಕುಡಿದು ರೂಢಿಯಾದವರಿಗಂತೂ ಮೊದಲ ಕೆಲವು ದಿನ ತಲೆಶೂಲೆಯೂ ಇದಕ್ಕೆ ಕೂಡಿಕೊಳ್ಳುವದು. ಹಸಿವೆಗಿಂತ ನಿದ್ರೆಗೇಡೇ ಓದನ್ನು ಹೆಚ್ಚು ಕೆಡಿಸುತ್ತದೆಂಬುದು ಈ ಲೆಕ್ಕದಿಂದಲೇ ಸ್ಪಷ್ಟವಾಗುವದು. ನಿದ್ರೆಯ ವ್ಯವಸ್ಥೆಯನ್ನು ಮಾತ್ರ ಮನುಷ್ಯನು ಮನಸ್ಸು ಮಾಡಿದರೆ ಸರಿಪಡಿಸಬಲ್ಲನು.

ಹುಡುಗನ ಸ್ಥಿತಿ ಹೀಗಾದರೆ ಹುಡುಗಿಯ ಸ್ಥಿತಿಯು ಇನ್ನೂ ಕಠಿಣ. ಬೆಟಗೇರಿಯಲ್ಲಿ ಮಗ್ಗದ ಮೇಲೆ ಬದುಕುವ ಮನೆ, ಲಕ್ಷ್ಮೇಶ್ವರದ ಸಂತೆಯಲ್ಲಿ ವ್ಯಾಪಾರ ಮಾಡುವವರ ಮನೆ, ಮುಂಡರಗಿಯಲ್ಲಿ ಒಂದೇ ಕೋಣೆಯಲ್ಲಿ ಆರೇಳು ಜನ ಮಲಗುವ ಮನೆ, ಇಂಥವು ನಮ್ಮಲ್ಲಿ ಎಷ್ಟೋ ಇವೆ. ಅಲ್ಲಿ ಸಹರಿಗೆ ಎಲ್ಲರಿಗಿಂತ ಮುಂಚೆ ಏಳುವವರು ತಾಯಿ ಮತ್ತು ಮಗಳು. ಎಲ್ಲರೂ ಉಂಡೆದ್ದ ಮೇಲೆ ಪಾತ್ರೆ ತಿಕ್ಕಿ ಮಲಗುವವರೂ ಅವರೇ. ಸಂಜೆ ನಾಲ್ಕಕ್ಕೆ ಇಫ್ತಾರದ ಸಿದ್ಧತೆಗೆ ಒಲೆಯ ಮುಂದೆ ಕೂತವಳು ಭೌತಶಾಸ್ತ್ರದ ಪುಸ್ತಕವನ್ನು ಮತ್ತೆ ಮುಟ್ಟುವದು ಹತ್ತು ಗಂಟೆಗೆ. ಈ ಹುಡುಗಿಯು ಪರೀಕ್ಷೆಯಲ್ಲಿ ಹಿಂದೆ ಬಿದ್ದರೆ "ರೋಜೆಯಿಂದ ಹಿಂದೆ ಬಿದ್ದಳು" ಎಂದು ಜನರು ಅನ್ನುವರು. ನಿಜವಾಗಿ ಅವಳನ್ನು ಹಿಂದಕ್ಕೆ ಎಳೆದದ್ದು ಒಲೆ. ಅವಳ ಅಣ್ಣನು ಒಂದು ತಿಂಗಳ ಮಟ್ಟಿಗೆ ಪಾತ್ರೆಯ ಕೆಲಸವನ್ನು ತನ್ನ ಮೇಲೆ ಹಾಕಿಕೊಂಡರೆ ಅವನ ರೋಜೆಯ ಪುಣ್ಯವು ಕಡಿಮೆಯಾಗಲಿಕ್ಕಿಲ್ಲ.

ಇಷ್ಟು ಚಿಂತಿಸುವಂಥ ಮಹತ್ವವು ಈ ಪರೀಕ್ಷೆಗಳಿಗೆ ಏನಿದೆ ಎಂದು ಹಿರಿಯರು ಕೇಳಬಹುದು. ನಮ್ಮ ರಾಜ್ಯದಲ್ಲಿ ಎಂಜಿನಿಯರಿಂಗ್ ಪ್ರವೇಶದ ಕ್ರಮಾಂಕವನ್ನು ಹಾಕುವಾಗ ಸಿ.ಇ.ಟಿ. ಅಂಕಗಳಿಗೆ ಅರ್ಧ, ಪಿ.ಯು.ಸಿ. ಅಂಕಗಳಿಗೆ ಅರ್ಧ ತೂಕವಿದೆ. ರಮಜಾನದಲ್ಲಿ ಬರೆದ ಪಿ.ಯು.ಸಿ. ಪತ್ರಿಕೆಗಳು ಹೀಗೆ ಅರ್ಧ ಭವಿಷ್ಯವನ್ನು ನಿರ್ಣಯಿಸುತ್ತವೆ. ವೈದ್ಯಕೀಯಕ್ಕಾದರೋ ನೀಟ್ ಒಂದೇ ಗತಿ. 2025ರ ನೀಟ್ ಪರೀಕ್ಷೆಗೆ ದೇಶದಲ್ಲಿ 22 ಲಕ್ಷಕ್ಕೂ ಮಿಕ್ಕಿದ ಅಭ್ಯರ್ಥಿಗಳು ಹೆಸರು ನೋಂದಿಸಿದ್ದರು. 180 ಪ್ರಶ್ನೆಗಳು, 180 ನಿಮಿಷಗಳು, 720 ಅಂಕಗಳು. ಒಂದು ತಪ್ಪು ಉತ್ತರಕ್ಕೆ ಬರುವ ನಾಲ್ಕು ಅಂಕಗಳು ಹೋಗುವವಲ್ಲದೆ ಗಳಿಸಿದ್ದರಲ್ಲಿ ಇನ್ನೊಂದು ಅಂಕವೂ ಹೋಗುವದು. ಹಣವಂತನ ಮಗನು ಸರಕಾರಿ ಸೀಟು ತಪ್ಪಿದರೆ ದುಡ್ಡು ತೆತ್ತು ಬೇರೆಡೆಗೆ ಸೇರಿಯಾನು. ನೇಕಾರನ ಮಗಳಿಗೆ, ಹಮಾಲನ ಮಗನಿಗೆ ಸರಕಾರಿ ಸೀಟು ತಪ್ಪಿದರೆ ವೈದ್ಯಕೀಯವೇ ತಪ್ಪಿತು. ಗದಗಿನ ಮಗ್ಗುಲಲ್ಲಿ ಮಲ್ಲಸಮುದ್ರದಲ್ಲಿಯೇ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯವು ನಿಂತಿರುವಾಗ, ಅದರ ಬಾಗಿಲನ್ನು ನಮ್ಮ ಊರಿನ ಬಡ ಮಕ್ಕಳು ಹೊರಗಿನಿಂದಲೇ ನೋಡಿಕೊಂಡು ಹೋಗುವಂತಾಗಬಾರದು.

ಈ ತೊಂದರೆಯು ಕೇವಲ ಊಹೆಯದಲ್ಲ. ಹಾಲಂಡಿನ ವಿದ್ಯಾರ್ಥಿಗಳ ಅಂಕಗಳನ್ನು ಪರಿಶೀಲಿಸಿ ಊಸ್ಟರಬೇಕ್ ಮತ್ತು ವ್ಯಾನ್ ಡರ್ ಕ್ಲಾವ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 2013ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಪಾಠದ ಅವಧಿಯಲ್ಲಿ ರಮಜಾನದ ವಾರಗಳು ಹೆಚ್ಚಿದಂತೆ ಮುಸಲ್ಮಾನ ವಿದ್ಯಾರ್ಥಿಗಳ ಅಂಕಗಳು ಇತರರಿಗೆ ಹೋಲಿಸಿದರೆ ತುಸು ಇಳಿಯುತ್ತವೆಂದು ಅವರು ಕಂಡರು. ಇಳಿತವು ದೊಡ್ಡದಲ್ಲ, ಆದರೆ ಒಂದೊಂದು ಅಂಕಕ್ಕೂ ಸಾವಿರಾರು ಜನರು ಮುಂದಾಗುವ ನಮ್ಮ ದೇಶದಲ್ಲಿ ಚಿಕ್ಕ ಇಳಿತವೂ ದೊಡ್ಡದೇ. ಇದನ್ನು ಕಂಡು ರೋಜೆಯನ್ನು ದೂಷಿಸಬೇಕಾಗಿಲ್ಲ. ಇಂಗ್ಲಂಡಿನವರ ನಡೆಯನ್ನು ನೋಡಿರಿ. 2016ರಲ್ಲಿ ಅವರ ದೊಡ್ಡ ಪರೀಕ್ಷೆಗಳು ಜೂನ್ ತಿಂಗಳ ರಮಜಾನದೊಂದಿಗೆ ಕೂಡಿ ಬಂದಾಗ ಪರೀಕ್ಷಾ ಮಂಡಳಿಗಳು ಮುಸಲ್ಮಾನ ಮುಖಂಡರೊಡನೆ ವಿಚಾರ ವಿನಿಮಯ ಮಾಡಿದವು. ಸಾಧ್ಯವಿದ್ದಷ್ಟು ಮಟ್ಟಿಗೆ ಹೆಚ್ಚು ಜನರು ಬರೆಯುವ ವಿಷಯಗಳನ್ನು ರಮಜಾನದ ಮುಂಚೆ ಇಡುವದು, ಮುಂಜಾನೆ ಮಧ್ಯಾಹ್ನಗಳ ಅನುಕೂಲವನ್ನು ಲೆಕ್ಕಕ್ಕೆ ಹಿಡಿಯುವದು ಎಂಬ ಧೋರಣೆಯನ್ನು ಇಟ್ಟುಕೊಂಡವು. ಅಲ್ಲಿಯ ಶಾಲಾ ಮುಖ್ಯಸ್ಥರ ಸಂಘವು ಮುಸಲ್ಮಾನ ವಿದ್ವಾಂಸರನ್ನು ಕೇಳಿ ಶಾಲೆಗಳಿಗೆ ಸಲಹಾಪತ್ರವನ್ನೂ ಹೊರಡಿಸಿತು. ಮುಸಲ್ಮಾನರು ಅಲ್ಪಸಂಖ್ಯಾತರಾಗಿರುವ ದೇಶವೊಂದು ಇಷ್ಟು ಮಾಡಬಲ್ಲದಾದರೆ ಶತಮಾನಗಳಿಂದ ಕೂಡಿ ಬಾಳಿದ ನಾವು ಮಾಡಲಾರೆವೇ?

ಈಗ ನಮ್ಮ ಊರಿನಲ್ಲಿ ಮಾಡಬಹುದಾದದ್ದನ್ನು ಹೇಳುವೆವು. ಮೊದಲನೆಯದು ಕಾಲೇಜುಗಳಿಗೂ ಖಾಸಗಿ ತರಗತಿಗಳಿಗೂ ಸಂಬಂಧಿಸಿದ್ದು. ಪಿ.ಯು.ಸಿ. ಪರೀಕ್ಷೆಯು ಮುಂಜಾನೆ ಹತ್ತಕ್ಕೆ ಆರಂಭವಾಗುವದರಿಂದ ರೋಜೆದಾರನಿಗೆ ಅದು ಅಷ್ಟು ಭಾರವಾಗಲಿಕ್ಕಿಲ್ಲ. ಸಹರಿಯ ಬಲವು ಆಗ ಇನ್ನೂ ಮೈಯಲ್ಲಿರುತ್ತದೆ. ಆದರೆ 2025ರ ನೀಟ್ ನಡೆದದ್ದು ಮಧ್ಯಾಹ್ನ ಎರಡರಿಂದ ಐದರ ವರೆಗೆ. ಆ ವೇಳೆಗೆ ರೂಢಿಯಾಗಲೆಂದು ಅಭ್ಯಾಸದ ಪರೀಕ್ಷೆಗಳನ್ನೂ ಮಧ್ಯಾಹ್ನ ಎರಡಕ್ಕೇ ಇಡುವ ಪದ್ಧತಿಯು ಬೆಳೆದಿದೆ. ಉದ್ದೇಶವು ಒಳ್ಳೆಯದೇ. ಆದರೂ ರಮಜಾನದಲ್ಲಿ ಅದೇ ವೇಳೆಯು ದಿನದ ಅತ್ಯಂತ ಬಳಲಿಕೆಯ ವೇಳೆ. ಆ ಒಂದು ತಿಂಗಳು ಅಭ್ಯಾಸದ ಪರೀಕ್ಷೆಗಳನ್ನು ಮುಂಜಾನೆ ಎಂಟಕ್ಕೆ ಇಟ್ಟು, ಈದ್ ಆದೊಡನೆ ಮಧ್ಯಾಹ್ನಕ್ಕೆ ಒಯ್ದರೆ ಯಾರಿಗೂ ಹಾನಿಯಿಲ್ಲ. 2025ರಲ್ಲಿ ಈದ್‌ದಿಂದ ನೀಟಿಗೆ 34 ದಿನಗಳಿದ್ದವು. ಮಧ್ಯಾಹ್ನದ ಕುಳಿತವನ್ನು ರೂಢಿಸಿಕೊಳ್ಳಲು ಅಷ್ಟು ದಿನಗಳು ಧಾರಾಳವಾಗಿ ಸಾಕು. ಬಿಸಿಲಿನ ದಿನಗಳಲ್ಲಿ ಮುಂಜಾನೆಯ ತಂಪು ಹಿಂದೂ ವಿದ್ಯಾರ್ಥಿಗಳಿಗೂ ಹಿತವೇ.

ಎರಡನೆಯದು ಜಮಾತಿನ ಹಿರಿಯರಿಗೆ ನಮ್ಮ ವಿನಂತಿ. ರಮಜಾನದ ಇರುಳು ಓಣಿಗಳಲ್ಲಿ ದೀಪಗಳಿರುತ್ತವೆ, ಜನರಿರುತ್ತಾರೆ. ಓದುವವನಿಗೆ ಮಾತ್ರ ಸ್ಥಳವಿರುವದಿಲ್ಲ. ಪ್ರತಿಯೊಂದು ಊರಿನ ಜಮಾತು ಮದರಸೆಯ ಒಂದು ಕೋಣೆಯನ್ನಾಗಲಿ ಶಾದಿಮಹಲಿನ ಒಂದು ಮೂಲೆಯನ್ನಾಗಲಿ ಪರೀಕ್ಷೆಗೆ ಕೂತ ಮಕ್ಕಳಿಗಾಗಿ ತೆರೆದಿಡಲಿ. ಹುಡುಗಿಯರಿಗೆ ಪ್ರತ್ಯೇಕ ಕೋಣೆಯೂ ಮನೆಗೆ ಕಳಿಸುವ ಏರ್ಪಾಡೂ ಇರಲಿ. ತರಾವೀಹವು ಕಡ್ಡಾಯದ ನಮಾಜಲ್ಲ, ಅದನ್ನು ಮನೆಯಲ್ಲಿಯೂ ಮಾಡಬಹುದೆಂಬುದನ್ನು ವಿದ್ವಾಂಸರೇ ಒಪ್ಪುತ್ತಾರೆ. ಪೇಶ ಇಮಾಮರು ಒಂದು ಶುಕ್ರವಾರದ ಪ್ರವಚನದಲ್ಲಿ ಈ ಮಾತನ್ನು ತಮ್ಮ ಬಾಯಿಂದ ಹೇಳಿದರೆ, ತಂದೆಯ ಅಂಜಿಕೆಯಿಂದ ಮಧ್ಯರಾತ್ರಿಯ ವರೆಗೆ ಎಚ್ಚರಿದ್ದು ಓದುವ ಹುಡುಗನಿಗೆ ಎರಡು ತಾಸು ನಿದ್ರೆಯು ದಕ್ಕುವದು. ಇಂಥ ಮಾತು ಹೊರಗಿನವರ ಬಾಯಿಂದ ಬಂದರೆ ಅದು ಆಕ್ಷೇಪಣೆಯಾಗುವದು, ಇಮಾಮರ ಬಾಯಿಂದ ಬಂದರೆ ಅನುಗ್ರಹವಾಗುವದು.

ಅನ್ಯಮತೀಯರಾದ ನಾವು ಕೈಕಟ್ಟಿ ಕೂಡಬೇಕೆಂದು ಇದರ ಅರ್ಥವಲ್ಲ. ಏಕಾದಶಿಯನ್ನು ಆಚರಿಸುವವರಿಗೆ, ಶಿವರಾತ್ರಿಯ ಜಾಗರಣೆ ಮಾಡುವವರಿಗೆ, ಜೈನ ಬಾಂಧವರ ಕಠಿಣ ಉಪವಾಸಗಳನ್ನು ಕಂಡವರಿಗೆ ರೋಜೆಯು ಅರ್ಥವಾಗದ ವಸ್ತುವಲ್ಲ. ಗದಗಿನಲ್ಲಿ ವೀರನಾರಾಯಣ, ತ್ರಿಕೂಟೇಶ್ವರ ದೇವಾಲಯಗಳ ಹೆಸರೂ ಜುಮ್ಮಾ ಮಸೀದಿಯ ಹೆಸರೂ ಒಂದೇ ವಿಶ್ವಸ್ತ ಮಂಡಳಿಯಲ್ಲಿ ಕೂಡಿ ಬಂದಿವೆ. ಶಿರಹಟ್ಟಿಯ ಫಕ್ಕೀರೇಶ್ವರರ ಗದ್ದುಗೆಗೆ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುತ್ತಾರೆ. ಸೋಮೇಶ್ವರ ದೇವಾಲಯ, ಶಂಖ ಬಸದಿ, ದೂದಪೀರರ ದರ್ಗಾ ಮೂರೂ ಲಕ್ಷ್ಮೇಶ್ವರ ಒಂದೇ ಊರಿನ ಆಸ್ತಿ. ಜಾತ್ರೆಯ ದಿನ ಈ ಮಾತನ್ನು ಭಾಷಣಗಳಲ್ಲಿ ಹೇಳಿ ಚಪ್ಪಾಳೆ ತಟ್ಟಿಸಿಕೊಳ್ಳುವದು ಸುಲಭ. ಅದರ ಸತ್ಯವು ತೋರಬೇಕಾದದ್ದು, ನೆರೆಮನೆಯ ಹುಡುಗಿಯು ಓದುತ್ತಿರುವಾಗ ಧ್ವನಿವರ್ಧಕವನ್ನು ತಗ್ಗಿಸುವದರಲ್ಲಿ. ಈ ನಿಯಮವು ಗುಡಿಗೂ ಒಂದೇ, ಮಸೀದಿಗೂ ಒಂದೇ, ಮದುವೆಯ ಮಂಟಪಕ್ಕೂ ಒಂದೇ. ಊರಿನ ಪೌರಸಂಸ್ಥೆಗಳು ತಮ್ಮ ಸಾರ್ವಜನಿಕ ವಾಚನಾಲಯಗಳನ್ನು ಪರೀಕ್ಷೆಯ ಎರಡು ತಿಂಗಳು ರಾತ್ರಿ ಹನ್ನೊಂದರ ವರೆಗೆ ತೆರೆದಿಟ್ಟರೆ ಎಲ್ಲ ಮತದ ಬಡ ಮಕ್ಕಳಿಗೂ ಉಪಕಾರವಾಗುವದು. ಅದಕ್ಕೆ ತಗಲುವ ವೆಚ್ಚವು ಒಬ್ಬ ಕಾವಲುಗಾರನ ಸಂಬಳ ಹಾಗೂ ನಾಲ್ಕು ದೀಪಗಳದು.

ಮೂರನೆಯದು ಸರಕಾರದ ಕರ್ತವ್ಯ. ಪರೀಕ್ಷೆಯನ್ನು ಇಡೀ ತಿಂಗಳು ಮುಂದೂಡಬೇಕೆಂದು ನಾವು ಕೇಳುವದಿಲ್ಲ. ಲಕ್ಷಾವಧಿ ಮಕ್ಕಳ ವರ್ಷವನ್ನು ಹಾಗೆ ಅಲುಗಿಸುವದು ನ್ಯಾಯವಲ್ಲ, ಮುಸಲ್ಮಾನ ಪಾಲಕರಲ್ಲಿ ವಿಚಾರವಂತರೂ ಅದನ್ನು ಬಯಸಲಾರರು. ಆದರೆ ರಮಜಾನದ ತಿಂಗಳು ಯಾವ ಋತುವಿನಲ್ಲಿ ಬರುವದೆಂಬುದು ಹತ್ತಾರು ವರ್ಷ ಮೊದಲೇ ಲೆಕ್ಕಕ್ಕೆ ಸಿಕ್ಕುವ ಸಂಗತಿ; ಚಂದ್ರದರ್ಶನದಿಂದ ಆಗುವ ವ್ಯತ್ಯಾಸವು ಒಂದು ದಿನದ್ದು ಮಾತ್ರ. 2027ರಲ್ಲಿ ಅದು ಫೆಬ್ರುವರಿಯ ಎರಡನೆಯ ವಾರದಲ್ಲಿ ಆರಂಭವಾಗುವದು. 2028ರಲ್ಲಿ ಜನವರಿಯ ಕೊನೆಗೆ. 2029ರಲ್ಲಿ ಜನವರಿಯ ನಡುವೆ. 2030ರಲ್ಲಿ ಜನವರಿಯಲ್ಲೊಮ್ಮೆ ಡಿಸೆಂಬರದಲ್ಲೊಮ್ಮೆ ಎರಡು ಸಲ ಬರುವದು. ಹೀಗೆ ಪಿ.ಯು.ಸಿ.ಯ ಭಾರವು ಕಡಿಮೆಯಾಗುತ್ತಲೇ, ಜನವರಿಯಲ್ಲಿ ಜೆ.ಇ.ಇ. ಪರೀಕ್ಷೆಯನ್ನಿಡುವ ಪದ್ಧತಿಯು ಮುಂದುವರಿದರೆ, ಅದರ ಭಾರವು ಏರುವದು. ಬಲ್ಲ ತೊಂದರೆಗೆ ಮೊದಲೇ ಏರ್ಪಾಡು ಮಾಡದಿರುವದು ಆಡಳಿತದ ಲಕ್ಷಣವಲ್ಲ. ಈದ್ ದಿನವೂ ಅದರ ಮರುದಿನವೂ ಪತ್ರಿಕೆಯನ್ನು ಇಡದಿರುವದು, ಗಣಿತ ವಿಜ್ಞಾನಗಳಂಥ ಕಠಿಣ ವಿಷಯಗಳನ್ನು ಮುಂಜಾನೆಯೇ ಇಡುವದು, ವಿಷಯ ವಿಷಯಗಳ ನಡುವೆ ಒಂದೊಂದು ದಿನದ ಬಿಡುವು ಕೊಡುವದು, ಇಷ್ಟು ಸಾಕು. ನಮ್ಮ ರಾಜ್ಯವು 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪಿ.ಯು.ಸಿ. ಪರೀಕ್ಷೆ ಬರೆಯುವ ಅವಕಾಶವನ್ನು ಕೊಟ್ಟು, ಹೆಚ್ಚು ಬಂದ ಅಂಕಗಳನ್ನೇ ಉಳಿಸಿಕೊಳ್ಳಲು ಒಪ್ಪಿದ್ದು ಸ್ತುತ್ಯವಾದ ಕ್ರಮ. 2024ರಲ್ಲಿಯೂ 2025ರಲ್ಲಿಯೂ ಎರಡನೆಯ ಪರೀಕ್ಷೆಯು ಈದ್ ಆದ ಮೇಲೆಯೇ ಬಂದಿತು. ಮೊದಲ ಸಲ ಬಳಲಿದ ವಿದ್ಯಾರ್ಥಿಗೆ ಈ ಬಾಗಿಲು ತೆರೆದಿದೆಯೆಂಬುದನ್ನು ಎಷ್ಟು ಮನೆಗಳವರು ಬಲ್ಲರು? ಅದನ್ನು ಮನೆಮನೆಗೆ ತಿಳಿಸುವದು ಪ್ರಾಚಾರ್ಯರ ಕೆಲಸವು.

ಕೊನೆಗೆ ವಿದ್ಯಾರ್ಥಿಗೇ ಎರಡು ಮಾತು. ತಮ್ಮಾ, ತಂಗೀ, ರೋಜೆ ಹಿಡಿಯುವದಾದರೆ ಇರುಳನ್ನು ಕಾಯಿರಿ. ಇಶಾದ ನಂತರ ಬೇಗನೆ ಮಲಗಿ, ಸಹರಿಗೆ ಒಂದು ತಾಸು ಮುಂಚೆ ಎದ್ದು ಕಠಿಣವಾದ ಪಾಠವನ್ನು ಓದಿರಿ. ಫಜರದ ನಂತರದ ಎರಡು ತಾಸು ದಿನದ ಬಂಗಾರ. ನಡುಹಗಲಿನಲ್ಲಿ ಅರ್ಧ ತಾಸು ಒರಗುವದು ನಿಮ್ಮ ಪರಂಪರೆಯಲ್ಲಿಯೇ ಮೆಚ್ಚಿಗೆ ಪಡೆದ ರೂಢಿ, ಅದಕ್ಕೆ ನಾಚಬೇಡಿರಿ. ಸಹರಿಯಲ್ಲಿ ಬರೀ ಚಹಾ ಬ್ರೆಡ್ಡು ಬೇಡ; ಜೋಳದ ರೊಟ್ಟಿ, ಕಾಳಿನ ಪಲ್ಯ, ಮೊಸರು ಇರಲಿ. ಇಫ್ತಾರದಲ್ಲಿ ಖರ್ಜೂರ, ಹಣ್ಣು, ನೀರು ಮೊದಲು. ಗದಗಿನ ಮಿರ್ಚಿಭಜಿಯ ರುಚಿಯನ್ನು ನಾವೂ ಬಲ್ಲೆವು, ಆದರೂ ಎಣ್ಣೆಯ ತಿಂಡಿಯಿಂದ ಹೊಟ್ಟೆ ತುಂಬಿದವನಿಗೆ ಪುಸ್ತಕವೇ ತಲೆದಿಂಬಾಗುವದು. ಮಧುಮೇಹದಂಥ ರೋಗವಿದ್ದವರು ವೈದ್ಯರನ್ನು ಕೇಳದೆ ಉಪವಾಸಕ್ಕೆ ಇಳಿಯಬಾರದು. ರೋಗಿಗೂ ಪ್ರಯಾಣಿಕನಿಗೂ ರೋಜೆಯನ್ನು ಬೇರೆ ದಿನಗಳಲ್ಲಿ ಪೂರೈಸುವ ಅನುಮತಿಯನ್ನು ಕುರಾನಿನ ಎರಡನೆಯ ಅಧ್ಯಾಯವೇ ಕೊಟ್ಟಿದೆ. ದೇವರು ನಿಮಗೆ ಸುಲಭವನ್ನು ಬಯಸುತ್ತಾನೆಂಬ ಅಭಿಪ್ರಾಯವೂ ಅಲ್ಲಿಯೇ ಇದೆ. ಹನಫಿ ವಿದ್ವಾಂಸರು ಪ್ರಯಾಣವೆಂದರೆ ಸಾಮಾನ್ಯವಾಗಿ 48 ಮೈಲು, ಅಂದರೆ ಸುಮಾರು 77 ಕಿಲೋಮೀಟರು ಎಂದು ಗಣಿಸುತ್ತಾರೆ. ಮುಂದೆ ರಮಜಾನದಲ್ಲಿ ಪರೀಕ್ಷೆ ಬಂದು ಕೇಂದ್ರವು ಹುಬ್ಬಳ್ಳಿಯಲ್ಲಿ ಬಿದ್ದರೆ ಮುಂಡರಗಿಯವನ ದಾರಿಯು ಇದಕ್ಕಿಂತ ಉದ್ದವಾದೀತು, ಗದಗಿನವನದು ಚಿಕ್ಕದಾದೀತು. ಯಾರಿಗೆ ಯಾವ ಅನುಮತಿಯು ಸಲ್ಲುವದೆಂಬುದನ್ನು ಪತ್ರಿಕೆಯಿಂದಲ್ಲ, ನಿಮ್ಮ ಮೌಲವಿಗಳಿಂದಲೇ ಕೇಳಿ ತಿಳಿಯಿರಿ. ಪರೀಕ್ಷೆಯ ವಾರದಲ್ಲಿ ಅವಸರದಿಂದ ಕೇಳುವದಕ್ಕಿಂತ ಒಂದು ತಿಂಗಳು ಮೊದಲೇ ಕೇಳುವದು ಒಳಿತು.

1924ರಲ್ಲಿ ಹಿಂದೂ ಮುಸಲ್ಮಾನರ ಐಕ್ಯಕ್ಕಾಗಿ ಗಾಂಧೀಜಿಯವರು ದಿಲ್ಲಿಯಲ್ಲಿ 21 ದಿನಗಳ ಉಪವಾಸವನ್ನು ಆರಂಭಿಸಿದ್ದು ಮೌಲಾನಾ ಮಹಮ್ಮದ ಅಲಿಯವರ ಮನೆಯಲ್ಲಿ. ಉಪವಾಸ ಮಾಡುವವನ ಹೊಣೆಯನ್ನು ಆ ಮನೆಯವರು ತಮ್ಮದೆಂದು ತಿಳಿದರು. ನಮ್ಮ ಊರಿನ ಒಂದು ಮಗು ಹಗಲು ಉಪವಾಸವಿದ್ದು ಇರುಳು ಓದುತ್ತಿರುವಾಗ ನಾವು ತಿಳಿಯಬೇಕಾದದ್ದೂ ಅಷ್ಟೇ. ರೋಜೆಯು ಅದರದು, ಬುದ್ಧಿಯೂ ಅದರದು. ದೀಪ, ಕೋಣೆ, ಶಾಂತತೆ ಮತ್ತು ಅನುಕೂಲವಾದ ವೇಳೆ ಇವು ನಮ್ಮವು. ಮುಂದಿನ ರಮಜಾನದ ಚಂದ್ರನು ಕಾಣುವದಕ್ಕೆ ಮೊದಲು ನಾಲ್ಕೂ ಊರುಗಳ ಜಮಾತು, ಕಾಲೇಜು, ಪೌರಸಂಸ್ಥೆಗಳ ಪ್ರಮುಖರು ಒಂದು ಸಂಜೆ ಕೂಡಿ ಕುಳಿತು ಇವುಗಳ ಏರ್ಪಾಡನ್ನು ಮಾಡುವರೆಂದು ನಾವು ಆಶಿಸುವೆವು.